ಬಿಚ್ಚದ ಒಂಬತ್ತು ಗಂಟು

ಹೊಸ ಕಾರವಾರ
2176ನೇ ಇಸವಿ, ಎರಡನೇ ಬೇಸಗೆಯ ನಲವತ್ತೊಂದನೇ ದಿನ, ಸೋಮವಾರ

ಅಜ್ಜೀ, ನನಗೆ ಮದುವೆಯಾಯಿತು! ಶರಣು, ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಮೊದಲು ಇದನ್ನು ಹೇಳದಿದ್ದರೆ ಮುಂದಿನ ಸಾಲು ಬರೆಯಲು ಕೈ ಬರುತ್ತಿರಲಿಲ್ಲ. ಹುಡುಗನ ಹೆಸರು ಗಜಾನನ. ನಿಮ್ಮ ಕಾಲದಲ್ಲಿ ಅದು ಮುದುಕರ ಹೆಸರಾಗಿತ್ತಂತೆ, ನಮ್ಮಲ್ಲಿ ಈಗ ಅದೇ ಫ್ಯಾಶನ್. ಎತ್ತರ ಇದ್ದಾನೆ, ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಸಮುದ್ರದ ಗೋಡೆ ಕಾಯುವ ಇಲಾಖೆಯಲ್ಲಿ ಕೆಲಸ. ನಾನು ಎಂಥ ಸಣ್ಣ ವಿಷಯ ಹೇಳಿದರೂ ಕಣ್ಣರಳಿಸಿ "ಹೌದಾ?" ಅನ್ನುತ್ತಾನೆ. ಮದುವೆಯಾಗಿ ಐದು ತಿಂಗಳಾಯಿತು, ಇನ್ನೂ "ಹೌದಾ?" ಅನ್ನುತ್ತಿದ್ದಾನೆ. ಇದಕ್ಕಿಂತ ಹೆಚ್ಚು ಏನು ಬೇಕು ಹೇಳಿ!

ನಾನು ಯಾರೆಂದು ನಿಮಗೆ ಗೊತ್ತಿಲ್ಲ, ಗೊತ್ತಿರಲು ಸಾಧ್ಯವೂ ಇಲ್ಲ. ನನ್ನ ಹೆಸರು ತಂಗಾಳಿ. ನಿಮ್ಮ ಮಗಳು ಭೂಮಿಕಾಳ ಮಗಳ ಮಗಳ ಮಗಳ ಮಗಳ ಮಗಳು ನಾನು. ನನ್ನ ಅಜ್ಜಿಯ ಅಜ್ಜಿಯ ಅಜ್ಜಿ ನೀವು, ವಾಡಿ ಸ್ಟೇಷನ್ ಎದುರು ಬ್ಲೌಸ್ ಹೊಲಿಯುವ ಮಹಾನಂದಾ. ಈ ಕಾಗದ ತಲುಪುವ ಹೊತ್ತಿಗೆ ನಿಮಗೆ ಮೂವತ್ತೊಂದು, ನನಗೆ ಇಪ್ಪತ್ತನಾಲ್ಕು. ನನಗಿಂತ ಏಳೇ ವರ್ಷ ದೊಡ್ಡವರನ್ನು ಅಜ್ಜಿ ಎನ್ನುತ್ತಿದ್ದೇನೆ, ಸಿಟ್ಟಾಗಬೇಡಿ. ಭೂಮಿಕಾ ಈಗ ನಿಮ್ಮ ಮಷಿನ್ ಕೆಳಗೆ ಕೂತು, ಬಿದ್ದ ಬಟ್ಟೆ ಚೂರುಗಳಿಂದ ಗೊಂಬೆಗೆ ಸೀರೆ ಉಡಿಸುತ್ತಿರಬೇಕು. ಆರು ವರ್ಷದ ಆ ಹುಡುಗಿಯಿಂದಲೇ ನಾವೆಲ್ಲ ಬಂದದ್ದು. ಅವಳ ತಲೆಯ ಮೇಲೆ ಒಮ್ಮೆ ಕೈ ಆಡಿಸಿ, ಆಮೇಲೆ ಮುಂದೆ ಓದಿ.

ನನ್ನ ಮಾತು ನಿಮಗೆ ವಿಚಿತ್ರ ಅನಿಸಿದರೆ ಕ್ಷಮಿಸಬೇಕು. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್‌ನಲ್ಲಿ. ಕನ್ನಡ ಕಲಿತದ್ದು ಅವ್ವನ ಬೈಗುಳದಿಂದ, ಅಜ್ಜಿಯ ಹಾಡುಗಳಿಂದ. ಅದೂ ಅಲ್ಲದೆ ನಮ್ಮಲ್ಲಿ ಇರುವ ಎಷ್ಟೋ ಪದಗಳು ನಿಮ್ಮ ಕಾಲದಲ್ಲಿ ಹುಟ್ಟಿಯೇ ಇಲ್ಲ. ಈ ಕಾಗದವನ್ನೇ ನಾವು ಹಿನ್ನೋಲೆ ಎನ್ನುತ್ತೇವೆ. ಮದುವೆಯಾದ ಹುಡುಗಿ ಮೊದಲ ಸಲ ತವರಿಗೆ ಹೊರಡುವ ಮುಂಚೆ, ಹಿಂದಿನ ತಲೆಮಾರಿನ ಒಬ್ಬ ಹೆಣ್ಣುಮಗಳಿಗೆ ಒಂದು ಕಾಗದ ಬರೆದು, ಆಕೆ ಬಳಸಿದ ವಸ್ತುವಿನೊಳಗೆ ಇಡಬೇಕು. ಕಾಗದದ ಮೇಲೆ ಬರೆದ ಇಸವಿಗೆ ಅದು ಹೋಗಿ ಮುಟ್ಟುತ್ತದೆ ಎಂದು ಹಿರಿಯರು ಹೇಳುತ್ತಾರೆ. ಗಜಾನನ ಇದನ್ನು ನಂಬುವುದಿಲ್ಲ. ನಾನು ಹದಿನೈದು ದಿನಗಳ ಹಿಂದಿನವರೆಗೂ ನಂಬಿರಲಿಲ್ಲ, ಈಗ ನಂಬುವುದು ಬಿಟ್ಟು ಬೇರೆ ದಾರಿ ಕಾಣುತ್ತಿಲ್ಲ. ನಿಮ್ಮ ಹೊಲಿಗೆ ಮಷಿನ್ ತಾಯಿಯಿಂದ ಮಗಳಿಗೆ ಬರುತ್ತಾ ಬರುತ್ತಾ ನನ್ನ ಜೊತೆ ಈ ಊರಿಗೆ ಬಂದಿದೆ. ಪೆಡಲ್ ಇನ್ನೂ ತುಳಿಯಬಹುದು. ಎಡಗಡೆಯ ಡ್ರಾಯರ್ ಎಳೆಯುವಾಗ ಸಿಕ್ಕಿಕೊಳ್ಳುತ್ತದೆ, ಮೇಲಕ್ಕೆತ್ತಿ ಎಳೆಯಬೇಕು. ನಿಮಗೂ ಹಾಗೇ ಸಿಕ್ಕಿಕೊಳ್ಳುತ್ತದೆಯಾ? ಈ ಕಾಗದವನ್ನು ಅದರೊಳಗೇ ಇಡುತ್ತೇನೆ. ಇಸವಿ ಇಪ್ಪತ್ತಿಪ್ಪತ್ತಾರು, ಆಷಾಢ ಎಂದು ಬರೆದಿದ್ದೇನೆ. ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿಯಲ್ಲಿ ಕೆಲಸ ಕಡಿಮೆ, ನೀವು ಡ್ರಾಯರ್ ಚೊಕ್ಕ ಮಾಡುತ್ತೀರಿ ಎಂಬ ಲೆಕ್ಕ ನನ್ನದು.

ಈಗ ಮಧ್ಯಾಹ್ನ ಎರಡು ಗಂಟೆ, ಬಾಗಿಲುಹೊತ್ತು. ಅಂದರೆ ಹನ್ನೊಂದರಿಂದ ಐದರವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ, ನಾಯಿಗಳನ್ನೂ ಒಳಗೆ ಕರೆದುಕೊಳ್ಳಬೇಕು. ವರ್ಷಕ್ಕೆ ಎರಡು ಬೇಸಗೆ ನಮಗೆ, ನಡುವೆ ಆರು ವಾರ ಮಳೆ. ಅದಕ್ಕೇ ಹೆಣ್ಣುಮಕ್ಕಳಿಗೆ ಇಂಥ ಹೆಸರುಗಳು. ನನ್ನ ಕ್ಲಾಸಿನಲ್ಲಿ ಮೂವರು ತಂಗಾಳಿಯರು, ಇಬ್ಬರು ನೆರಳುಗಳು, ಒಬ್ಬಳು ಮೋಡ ಇದ್ದೆವು. ಕುಡಿಯುವುದು ಮರುನೀರು. ಒಮ್ಮೆ ಬಳಸಿದ್ದನ್ನು ಸೋಸಿ, ಕುದಿಸಿ, ಮತ್ತೆ ಸೋಸಿ ಕೊಡುತ್ತಾರೆ. ಎಷ್ಟು ಸೋಸಿದರೂ ನಾಲಿಗೆಯ ಮೇಲೆ ಸುಣ್ಣದ ರುಚಿ ಉಳಿಯುತ್ತದೆ. ಆಳಿಗೆ ದಿನಕ್ಕೆ ಎಂಟು ಲೋಟ, ಮದುವೆಮನೆಗೆ ಹೋದರೆ ನಮ್ಮ ಲೋಟದ ನೀರು ನಾವೇ ಒಯ್ಯಬೇಕು. ಹೀಗಾಗಿ ಕಲ್ಲು ಎಲ್ಲರಿಗೂ ಆಗುತ್ತದೆ. ಮೂತ್ರಪಿಂಡದಲ್ಲಿ ಹುಟ್ಟಿದ ಕಲ್ಲು ಕೆಳಗಿನ ಸಣ್ಣ ನಾಳಕ್ಕೆ ಇಳಿದು ಸಿಕ್ಕಿಕೊಂಡಾಗ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಂಗಡಿಯ ಹತ್ತಿರ ಶೌಚಾಲಯ ಇಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ನೀರೇ ಮುಟ್ಟದೆ ಕೂತು ಹೊಲಿದವರು ನೀವು. ಕತ್ತರಿ ಕೈಯಿಂದ ಬಿದ್ದು, ನೆಲದ ಮೇಲೆ ಉರುಳಾಡಿದ ದಿನವನ್ನು ನೀವು ಮರೆತಿರಲಿಕ್ಕಿಲ್ಲ.

ನಿಮಗೆ ಹಾಕಿದಂಥದ್ದೇ ಸ್ಟೆಂಟ್ ನಮಗೂ ಹಾಕುತ್ತಾರೆ. ನೂರೈವತ್ತು ವರ್ಷಗಳಲ್ಲಿ ಎಷ್ಟೋ ಬದಲಾಯಿತು, ಅದೊಂದು ಹೆಚ್ಚು ಬದಲಾಗಲಿಲ್ಲ: ಶಾವಿಗೆಗಿಂತ ಸ್ವಲ್ಪ ದಪ್ಪದ ಮೆತ್ತಗಿನ ಕೊಳವೆ, ಒಂದು ತುದಿ ಮೇಲೆ ಮೂತ್ರಪಿಂಡದಲ್ಲಿ ಸುರುಳಿ, ಇನ್ನೊಂದು ತುದಿ ಕೆಳಗೆ ಮೂತ್ರಕೋಶದಲ್ಲಿ ಸುರುಳಿ. ಚಾಕು ಇಲ್ಲ, ಹೊಲಿಗೆ ಇಲ್ಲ, ಕೆಳಗಿನಿಂದಲೇ ಒಳಗೆ ಬಿಡುತ್ತಾರೆ. ಕಲ್ಲು ಅಡ್ಡ ಇದ್ದರೂ ಮೂತ್ರ ಇಳಿಯುತ್ತದೆ, ಮೂತ್ರಪಿಂಡ ಉಸಿರಾಡುತ್ತದೆ, ನೋವು ಹೋಗುತ್ತದೆ. ಎಷ್ಟೋ ಜೀವ ಉಳಿಸಿದ ವಸ್ತು ಅಜ್ಜೀ ಅದು. ನಮ್ಮ ಕಡೆ ಒಂದು ಸಲವೂ ಸ್ಟೆಂಟ್ ಹಾಕಿಸಿಕೊಳ್ಳದವರನ್ನು ಕಂಡರೆ "ಇನ್ನಾ ಹಾಲು ಕುಡಿಯೋ ಕೂಸು" ಎಂದು ನಗುತ್ತಾರೆ. ಆದರೆ ಅದು ಅತಿಥಿ. ಬಂದ ಕೆಲಸ ಮುಗಿಸಿ ಹೊರಡಬೇಕಾದದ್ದು. ಅದನ್ನು ಹೊರಗೆ ತೆಗೆಯಲು ನಾಲ್ಕೈದು ನಿಮಿಷ ಸಾಕು. ತೆಗೆಯದೆ ಬಿಟ್ಟರೆ ನಮ್ಮೊಳಗಿನ ಉಪ್ಪೆಲ್ಲ ಅದರ ಮೇಲೆ ಪದರ ಪದರವಾಗಿ ಕೂರುತ್ತದೆ, ಕಲ್ಲಿಗೆ ದಾರಿ ಬಿಡಿಸಲು ಬಂದ ಕೊಳವೆ ತಾನೇ ಕಲ್ಲಾಗುತ್ತದೆ. ಅದೂ ಸದ್ದಿಲ್ಲದೆ. ಅದೇ ಅದರ ಕೇಡು.

ಹಾಗಾಗಿ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಸ್ಟೆಂಟ್ ಹಾಕಿದ ದಿನವೇ ಆಸ್ಪತ್ರೆಯವರು ಒಂದು ನೀಲಿ ದಾರ ಕೊಡುತ್ತಾರೆ. ಎಷ್ಟು ವಾರ ಒಳಗಿರಬೇಕೋ ಅಷ್ಟು ಗಂಟು. ದಾರ ಕೊಡುವುದು ಹಾಕಿಸಿಕೊಂಡವರ ಕೈಗಲ್ಲ, ಮನೆಯ ಇನ್ನೊಬ್ಬರ ಕೈಗೆ. ಅವರನ್ನು ಗಂಟುಗಾರ್ತಿ ಎನ್ನುತ್ತೇವೆ, ಗಂಡಸಾದರೆ ಗಂಟುಗಾರ. ಪ್ರತಿ ಸೋಮವಾರ ಅವರು ಒಂದು ಗಂಟು ಬಿಚ್ಚುತ್ತಾರೆ. ಕೊನೆಯ ಗಂಟು ಬಿಚ್ಚಿದ ದಿನ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಅಳಿ, ಜಗಳಾಡಿ, ಬಿಡುವುದಿಲ್ಲ. "ತನ್ನ ಗಂಟು ತಾ ಎಣಿಸಬಾರದು" ಎಂದು ನಮ್ಮ ಅಜ್ಜಿಯಂದಿರ ಮಾತು. ಎಣಿಸಿದರೆ ಅಪಶಕುನ. ಕೊಳವೆ ಒಳಗಿದ್ದವರು ಅದರ ಬಗ್ಗೆ ಕೇಳುವುದೂ ಇಲ್ಲ, ಯೋಚಿಸುವುದೂ ಇಲ್ಲ. ನೋವು ಹೋದ ಮೇಲೆ ಮೈ ಮರೆಯುತ್ತದೆ, ಮರೆಯದ ಇನ್ನೊಂದು ಮೈ ಬೇಕು, ಅಷ್ಟೇ ಅದರ ಅರ್ಥ. ಈ ಕಟ್ಟಳೆ ಶುರುವಾದದ್ದು ನಮ್ಮ ಮನೆಯಿಂದ ಎಂದು ಅವ್ವ ಬಹಳ ಹೆಮ್ಮೆಯಿಂದ ಹೇಳುತ್ತಾಳೆ. ಯಾಕೆ ಶುರುವಾಯಿತು ಎಂದು ಮುಂದೆ ಹೇಳುತ್ತೇನೆ. ಹೇಳಲೇಬೇಕು.

ನನ್ನ ಮದುವೆಗೆ ಮೂರು ವಾರ ಇರುವಾಗ ನನಗೆ ಎಡಗಡೆ ಕಲ್ಲು ಸಿಕ್ಕಿಕೊಂಡಿತು. ಮದರಂಗಿ ಹಚ್ಚಿಕೊಳ್ಳುವ ಕೈಯಿಂದ ಹೊಟ್ಟೆ ಹಿಡಿದುಕೊಂಡು ವಾಡಿಯ ನಾಳಮನೆಗೆ ಓಡಿದೆ. ನಾಳಮನೆ ಎಂದರೆ ಬರೀ ಮೂತ್ರನಾಳದ ಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆ. ನಿಮ್ಮ ಅಂಗಡಿ ಇರುವ ಜಾಗದಿಂದ ನಾಲ್ಕು ಹೆಜ್ಜೆ. ಸ್ಟೆಂಟ್ ಹಾಕಿದರು, ಹನ್ನೆರಡು ಗಂಟಿನ ದಾರವನ್ನು ಅವ್ವನಿಗೆ ಕೊಟ್ಟರು. ಅವ್ವ ಮೂರು ಸೋಮವಾರ ಮೂರು ಗಂಟು ಬಿಚ್ಚಿದಳು. ಆಮೇಲೆ ಮದುವೆ ಬಂತು. ಹೆಣ್ಣು ಗಂಡನ ಮನೆಗೆ ಹೊರಟರೆ ಅವಳ ದಾರವೂ ಅತ್ತೆಯ ಕೈ ಸೇರಬೇಕು, ಅತ್ತೆಯೇ ಇನ್ನು ಗಂಟುಗಾರ್ತಿ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಎಲೆ, ಅಡಿಕೆಯ ಜೊತೆ ಕುಪ್ಪಸಕ್ಕೆಂದು ಮಡಿಸಿದ ಹಸಿರು ಖಣ ಇಟ್ಟು ಅವ್ವ ಕಿವಿಯಲ್ಲಿ ಅಂದಳು, "ಎಲ್ಲಾ ಉಡ್ಯಾಗ ಅದ, ನೀ ಏನೂ ಚಿಂತಿ ಮಾಡಬ್ಯಾಡ ನಮ್ಮವ್ವಾ." ನಾನು ಎಲ್ಲಿ ಚಿಂತೆ ಮಾಡುತ್ತಿದ್ದೆ! ಎದುರಿಗೆ ಗಜಾನನ ನಿಂತಿದ್ದ, ಗುಳಿ ಬಿದ್ದಿತ್ತು.

ಆಮೇಲಿನ ದಿನಗಳನ್ನು ಹೇಗೆ ವರ್ಣಿಸಲಿ! ಹೊಸ ಕಾರವಾರ ಗುಡ್ಡದ ಮೇಲಿದೆ. ಹಳೆಯದು ಕೆಳಗೆ ನೀರಿನಲ್ಲಿದೆ, ಇಳಿತದ ದಿನ ಒಂದು ಬಸ್ ಸ್ಟ್ಯಾಂಡಿನ ಮಾಡು ಕಾಣುತ್ತದೆ. ಸಂಜೆ ಆರಕ್ಕೆ ಎಲ್ಲರೂ ಗೋಡೆಯ ಮೇಲೆ ವಾಕಿಂಗ್ ಬರುತ್ತಾರೆ. ಗಜಾನನ ನನಗೆ ಮೀನಿನ ಮುಳ್ಳು ತೆಗೆಯುವುದು ಕಲಿಸಿದ, ನಾನು ಅವನಿಗೆ ಜೋಳದ ರೊಟ್ಟಿ ಬಡಿಯುವುದು ಕಲಿಸಿದೆ. ಅವನ ರೊಟ್ಟಿ ಯಾವತ್ತೂ ದ್ವೀಪದ ನಕ್ಷೆ. ನನ್ನ ಅತ್ತೆ ವತ್ಸಲಾ ಒಳ್ಳೆಯವರು, ಬಾಯಿ ಜೋರು, ಕೈ ಮೆತ್ತಗೆ. ನನ್ನ ಲೋಟದ ನೀರು ಮುಗಿದರೆ ತಮ್ಮದರಿಂದ ಸುರಿಯುತ್ತಿದ್ದರು. ನಾನು ಮಾತ್ರ ಗಳಿಗೆಗೊಮ್ಮೆ ಬಚ್ಚಲಿಗೆ ಓಡುತ್ತಿದ್ದೆ. ನಾದಿನಿ ಸುಮತಿ ಎಲ್ಲರೆದುರು ಹೇಳುತ್ತಿದ್ದಳು, "ಅತ್ತಿಗೆ ಮದುವೆ ಆದದ್ದು ಅಣ್ಣನ್ನ ಅಲ್ಲ, ನಮ್ಮನೆ ಬಚ್ಚಲನ್ನ." ಎಲ್ಲರೂ ನಗುತ್ತಿದ್ದರು, ನಾನೂ. ಸೊಂಟದ ಎಡಗಡೆ ಹಿಡಿದಂತಾಗುತ್ತಿತ್ತು, ಹೊಸ ಮಂಚ ಎಂದುಕೊಂಡೆ. ಒಂದೆರಡು ಸಲ ಮೂತ್ರ ಬೀಟ್ರೂಟ್ ತಿಂದವರ ಹಾಗೆ ಕೆಂಪಗಿತ್ತು. ತಿಂಗಳ ದಿನ ಹತ್ತಿರ ಬಂತೇನೋ ಎಂದುಕೊಂಡೆ. ಸೋಮವಾರಗಳು ಬರುತ್ತಿದ್ದವು, ಹೋಗುತ್ತಿದ್ದವು. ಅತ್ತೆ ಎಲ್ಲೋ ಒಂದು ಗಂಟು ಬಿಚ್ಚುತ್ತಿರುತ್ತಾರೆ ಎಂದು ಮನಸ್ಸಿನಲ್ಲಿತ್ತು. ಕೇಳಬಾರದಲ್ಲ.

ಹದಿನೈದು ದಿನಗಳ ಹಿಂದೆ ಬೆಳಗಿನ ಅವಲಕ್ಕಿ ನೋಡಿದ್ದೇ ತಡ, ವಾಂತಿಯಾಯಿತು. ಮೈ ಬೆಚ್ಚಗಿತ್ತು, ಚಳಿ ಬಂದು ಹಲ್ಲು ಕಟಕಟಿಸಿತು. ಎರಡನೇ ಬೇಸಗೆಯಲ್ಲಿ ಚಳಿ! ಅತ್ತೆ ನನ್ನ ಮುಖ ನೋಡಿದರು, ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು, ಆಮೇಲೆ ಇಡೀ ಓಣಿಗೆ ಕೇಳುವ ಹಾಗೆ ಕೂಗಿದರು, "ಗಜಾನನಾ, ಬೆಲ್ಲ ತಕಂಡ್ ಬಾರಾ! ನಮ್ಮನೆಗೆ ಮಗು ಬರ್ತದೆ!" ಅವನು ಓಡಿ ಬಂದು ನಿಂತು "ಹೌದಾ?" ಅಂದ. ಆ "ಹೌದಾ" ಅಷ್ಟು ಚೆನ್ನಾಗಿತ್ತು ಅಜ್ಜೀ, ನನಗೂ ಹೌದು ಅನಿಸಿಬಿಟ್ಟಿತು. ಜ್ವರದ ಮೈಯಲ್ಲೇ ಬೆಲ್ಲ ತಿಂದೆ. ಮೂರು ದಿನ ನಾವು ಹೆಸರು ಹುಡುಕಿದೆವು. ಹೆಣ್ಣಾದರೆ ಇಬ್ಬನಿ ಎಂದು ನಾನು, ಮಹಾನಂದಾ ಎಂದು ಅವನು. ನಿಮ್ಮ ಕಥೆ ಅವನಿಗೆ ಹೇಳಿದ್ದೆ. ಸುಮತಿ ನನಗೆ ಕೆಲಸ ಮಾಡಗೊಡಲಿಲ್ಲ. ನಾಲ್ಕನೇ ದಿನ ಅತ್ತೆ ದೇವರ ಮುಂದಿಟ್ಟಿದ್ದ ನನ್ನ ಉಡಿಯ ಖಣ ತಂದರು, ಬಸುರಿ ಸೊಸೆಯ ಕುಪ್ಪಸದ ಶಾಸ್ತ್ರಕ್ಕೆ ಅದರಲ್ಲೇ ಕುಪ್ಪಸ ಹೊಲಿಸಬೇಕೆಂದು. ನಿಮ್ಮ ಮಷಿನ್ ಮುಂದೆ ನಿಂತು ಹಸಿರು ಖಣ ಝಾಡಿಸಿದರು.

ನೀಲಿ ದಾರ ಮಷಿನ್ ಮೇಲೆ ಬಿತ್ತು.

ಅತ್ತೆ ಅದನ್ನು ಎತ್ತಿಕೊಂಡು ಜಪ ಮಾಡುವವರ ಹಾಗೆ ಗಂಟುಗಳನ್ನು ಬೆರಳಿನಿಂದ ಮುಟ್ಟುತ್ತಾ ಹೋದರು. ಆಮೇಲೆ ಅವ್ವನಿಗೆ ಫೋನ್ ಮಾಡಿದರು. "ಬೀಗ್ತಿ, ದಾರ ಎಂತಕ್ಕೆ ಖಣದ ಒಳಗೆ ಇತ್ತು? ನಿಮ್ಮ ಹತ್ರನೇ ಉಂಟು ಅಂದ್ಕಂಡಿದ್ದೆ ನಾನು." ಅವ್ವ ಆಚೆಯಿಂದ, "ಅಯ್ಯ, ಉಡ್ಯಾಗ ಇಟ್ಟೇ ಕಳಿಸೀನಲ್ರೀ! ನೀವು ಉಡಿ ಬಿಚ್ಚಿ ನೋಡಂಗಿಲ್ಲೇನು?" "ನಮ್ಮ ಬದಿಗೆ ಉಡಿಯ ಖಣ ಹಾಗೆಲ್ಲ ಬಿಚ್ಚೂದಿಲ್ಲ. ದೇವರ ಮುಂದೆ ಇಟ್ಟು ಕುಪ್ಪಸಕ್ಕೇ ತೆಗೆಯೂದು. ದಾರ ಕೈಗೆ ಕೈ ಕೊಡೂದು, ಸೊಸೆ ಮೊದಲ್ನೇ ಸಲ ತವರಿಗೆ ಹೋದಾಗ." ಅವ್ವ ಸಣ್ಣ ದನಿಯಲ್ಲಿ ಕೇಳಿದಳು, "ಎಷ್ಟು ಗಂಟು ಅದಾವ ಅಕ್ಕಾ?" "ಒಂಬತ್ತು." "ಒಂಬತ್ತೂ?" "ಒಂಬತ್ತೂ ಹಾಗೇ ಉಂಟು." ಅವ್ವ ಅತ್ತೆಯನ್ನು ಅಕ್ಕಾ ಎಂದು ಕರೆದದ್ದು ಅದೇ ಮೊದಲು. ಹನ್ನೆರಡು ವಾರ ಇರಬೇಕಾದದ್ದು ಅಂದಿಗೆ ಇಪ್ಪತ್ತನಾಲ್ಕು ವಾರ ಒಳಗಿತ್ತು. ಇಬ್ಬರು ತಾಯಂದಿರೂ ಕಟ್ಟಳೆ ತಪ್ಪಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಊರಿನ ಕಟ್ಟಳೆಯನ್ನು ಸರಿಯಾಗಿಯೇ ನಡೆಸಿದ್ದರು. ಬೀಗ್ತಿ ತೆಗೆಸಿಯಾಗಿರುತ್ತದೆ ಎಂದು ಅವ್ವ ನಂಬಿದ್ದಳು, ಕೊನೆಯ ಗಂಟಿಗೆ ಅವ್ವನೇ ಕರೆಸಿಕೊಳ್ಳುತ್ತಾಳೆ ಎಂದು ಅತ್ತೆ ಕಾಯುತ್ತಿದ್ದರು.

ಈ ಊರಿನ ಡಾಕ್ಟರು ನನ್ನದೇ ವಯಸ್ಸಿನ ಹುಡುಗಿ. ಮಗು ಇಲ್ಲ ಎಂಬುದನ್ನು ಅವಳು ಮೊದಲು ಹೇಳಿದಳು, ಬಹಳ ಮೆಲ್ಲಗೆ. ಆಮೇಲೆ ಪರದೆಯ ಮೇಲೆ ನನ್ನ ಒಳಗನ್ನು ತೋರಿಸಿದಳು. ಕೆಳಗಿನ ಸುರುಳಿ ಇನ್ನೂ ಸುರುಳಿಯಂತಿತ್ತು. ಮೇಲಿನದು, ಮೂತ್ರಪಿಂಡದಲ್ಲಿರುವುದು, ಸುಣ್ಣದಲ್ಲಿ ಅದ್ದಿ ಒಣಗಿಸಿದ ಹಗ್ಗದ ಗಂಟಿನಂತೆ ಬೆಳ್ಳಗೆ, ದಪ್ಪಗೆ ಕಾಣುತ್ತಿತ್ತು. "ನಾನು ಇದನ್ನು ಮುಟ್ಟೂದಿಲ್ಲ," ಅಂದಳು, "ಎಳೆದ್ರೆ ನಾಳನೇ ಹರಿದು ಬರ್ಬಹುದು. ವಾಡಿಗೇ ಹೋಗ್ಬೇಕು. ಮೊದ್ಲು ಜ್ವರ ಇಳೀಲಿ." ಎಡಗಡೆಯ ಮೂತ್ರಪಿಂಡ ಉಳಿಯುತ್ತದೆಯೇ ಎಂದು ಗಜಾನನ ಕೇಳಿದ. ಅವಳು ಪರದೆ ಆರಿಸಿದಳು. ಜ್ವರ ಇಳಿಯಲಿ, ಅಂದಳು. ಸೂಜಿಮದ್ದಿಗೆ ಜ್ವರ ಮೊನ್ನೆ ಇಳಿಯಿತು. ಆ ದಿನ ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ಗಜಾನನ ನನ್ನ ಕೈ ಹಿಡಿದುಕೊಂಡು ಗೋಡೆಯ ತುದಿಯವರೆಗೆ ನಡೆದ. ನಾನೇ ಏನೇನೋ ಹರಟಿದೆ. ನನಗೆ ಭಯವಾದಾಗ ಹರಟೆ ಹೆಚ್ಚು. ಈ ಕಾಗದ ಇಷ್ಟು ಉದ್ದವಾದದ್ದೂ ಅದಕ್ಕೇ ಇರಬೇಕು.

ಈಗ ನಿಮ್ಮ ಕಥೆ. ಮದುವೆಯ ಸುದ್ದಿಯ ಜೊತೆ ಇದನ್ನು ಬರೆಯಬಾರದಿತ್ತು, ಆದರೆ ಹಿನ್ನೋಲೆ ಬರೆಯಲು ಸಿಗುವುದು ಜೀವನದಲ್ಲಿ ಒಂದೇ ಸಲ. ವಾಡಿಯ ನಮ್ಮ ತವರುಮನೆಯಲ್ಲಿ ಒಂದು ತಗಡಿನ ಡಬ್ಬಿ ಇದೆ. ಮುಚ್ಚಳದ ಮೇಲೆ ನವಿಲಿನ ಚಿತ್ರ, ನವಿಲಿನ ಕಣ್ಣಿನ ಹತ್ತಿರ ತುಕ್ಕು. ನಿಮಗೆ ಗೊತ್ತು ಅದು ಯಾವುದೆಂದು. ಈಗ ನಿಮ್ಮ ಬಲಗೈಯ ಹತ್ತಿರವೇ ಇದೆ, ಗುಂಡಿ, ಹುಕ್ಕು ತುಂಬಿಕೊಂಡು. ನಮ್ಮ ಕಾಲಕ್ಕೆ ಅದರಲ್ಲಿ ಗುಂಡಿಗಳಿಲ್ಲ. ಹತ್ತಿಯ ಮೇಲೆ ಒಂದು ಸ್ಟೆಂಟ್ ಇದೆ, ಉದ್ದಕ್ಕೂ ಕಲ್ಲು ಕಟ್ಟಿದ್ದು, ಒಂದು ತುದಿಯಲ್ಲಿ ನಿಂಬೆಕಾಯಿ ಗಾತ್ರದ ಕಲ್ಲು. ಅದರ ಪಕ್ಕ ಒಂದು ಆಸ್ಪತ್ರೆಯ ಕಾರ್ಡು. ಮದುವೆಗೆ ಮುಂಚೆ ಪ್ರತಿ ಹುಡುಗಿಗೂ ಅದನ್ನು ತೆಗೆದು ತೋರಿಸುತ್ತಾರೆ. ನನಗೂ ತೋರಿಸಿದರು. ನಾನು ಮೂಗು ಮುಚ್ಚಿಕೊಂಡು ನಕ್ಕಿದ್ದೆ.

ಅದು ನಿಮ್ಮದು. ಫೆಬ್ರವರಿಯ ಕೊನೆಯಲ್ಲಿ ಕಲಬುರಗಿಯಲ್ಲಿ ನಿಮಗೆ ಹಾಕಿದ್ದು. ಆರು ವಾರಕ್ಕೆ ಬನ್ನಿ, ತೆಗೆಯುತ್ತೇವೆ ಎಂದು ಹೇಳಿ, ಏಪ್ರಿಲ್ ಒಂಬತ್ತು ಎಂದು ಕಾರ್ಡಿನ ಮೇಲೆ ಬರೆದು ಕೊಟ್ಟರು. ನೀವು ಅದನ್ನು ಮಷಿನ್ ಮೇಲೆ ಕಣ್ಣೆದುರೇ ಇಟ್ಟುಕೊಂಡಿರಿ. ಮದುವೆಗಳ ಕಾಲ, ಅಂಗಡಿ ತುಂಬ ಬಟ್ಟೆ. ಅಳತೆ ಬರೆಯಲು ಚೀಟಿ ಸಿಗದೆ ಕೈಗೆ ಸಿಕ್ಕ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿರಿ: "ಚಂದ್ರಕಲಾ ಟೀಚರ್, ಎದೆ ಮೂವತ್ತಾರು, ತೋಳು ಒಂಬತ್ತು, ಹಿಂದೆ ಕೊರಳು ಇಳುವು." ನಿಮ್ಮ ರೂಢಿಯ ಹಾಗೆ ಅಳತೆಯ ಚೀಟಿಯನ್ನು ಬ್ಲೌಸಿಗೇ ಪಿನ್ ಹಾಕಿದಿರಿ. ಹೊಲಿದು, ಮಡಿಸಿ, ಚೀಟಿ ಸಮೇತ ಕೊಟ್ಟಿರಿ. ನೋವು ಹೋಗಿತ್ತು. ತಾರೀಖೂ ಹೋಯಿತು. ಸೊಂಟ ಹಿಡಿದಾಗ ಕೂತು ಕೂತು ಎಂದಿರಿ, ಕೆಂಪು ಕಂಡಾಗ ಕಾವು ಎಂದಿರಿ. ನಾಲ್ಕು ವರ್ಷ. ನಾಲ್ಕನೇ ವರ್ಷ ಜ್ವರದಲ್ಲಿ ಪ್ರಜ್ಞೆ ತಪ್ಪಿದ ನಿಮ್ಮನ್ನು ಕರೆದೊಯ್ದು ಅದನ್ನು ಹೊಟ್ಟೆ ಕೊಯ್ದು ತೆಗೆದರು. ಹನ್ನೊಂದನೇ ದಿನ ನಂಜೇರಿ ನೀವು ತೀರಿಕೊಂಡಿರಿ. ಭೂಮಿಕಾಗೆ ಆಗ ಹತ್ತು. ಡಬ್ಬಿಯ ಗುಂಡಿಗಳನ್ನೆಲ್ಲ ಸುರಿದು ಅವಳು ಆ ಕಲ್ಲು ಕಟ್ಟಿದ ಸ್ಟೆಂಟನ್ನು ಅದರಲ್ಲಿ ಇಟ್ಟಳು. ಚಂದ್ರಕಲಾ ಟೀಚರ್ ಸಾವಿನ ಮನೆಗೆ ಮಾತಾಡಿಸಲು ಬಂದವರು, ತೋಳು ಬಿಗಿಯಾಯಿತೆಂದು ಎತ್ತಿಟ್ಟಿದ್ದ ನೇರಳೆ ಬ್ಲೌಸನ್ನು ನಿಮ್ಮ ನೆನಪಿಗೆಂದು ತಂದಿದ್ದರಂತೆ. ಬಿಚ್ಚಿದರೆ ಕಾರ್ಡು. ಆ ಹುಡುಗಿ ಎರಡೂ ಬದಿ ಓದಿದಳು. ಬೆಳೆದು ದೊಡ್ಡವಳಾದ ಮೇಲೆ ತನ್ನ ಓಣಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರ ಮನೆ ಮನೆಗೆ ಹೋಗಿ, ನಿಮ್ಮ ಮಷಿನ್ನಿನ ನೀಲಿ ದಾರಕ್ಕೆ ಗಂಟು ಹಾಕಿ ಹಂಚಿದವಳು ಅವಳೇ.

ಅಜ್ಜೀ, ನಿಮ್ಮ ಆಷಾಢಕ್ಕೆ ಅದು ಒಳಗೆ ಸೇರಿ ಐದು ತಿಂಗಳೂ ಆಗಿಲ್ಲ. ತಡವಾಗಿದೆ, ಮೀರಿಲ್ಲ. ಈ ಕಾಗದ ಸುಳ್ಳು ಅನಿಸಿದರೆ ಚಂದ್ರಕಲಾ ಟೀಚರ ಮನೆಗೆ ಹೋಗಿ, ಬ್ಲೌಸಿನ ತೋಳು ಬಿಡಿಸಿ ಕೊಡುತ್ತೇನೆ ಎಂದು ಕೇಳಿ. ಪಿನ್ ಇನ್ನೂ ಹಾಗೇ ಇರುತ್ತದೆ. ಆಮೇಲೆ ಮನೆಗೆ ಬರಬೇಡಿ, ಅಲ್ಲಿಂದಲೇ ಕಲಬುರಗಿಗೆ ಹೋಗಿ. ಶ್ರಾವಣದ ಬಟ್ಟೆಗಳು ಬಂದಿವೆ, ಅವು ಮುಗಿಯಲಿ ಎನ್ನಬೇಡಿ. ನೋವಿಲ್ಲವಲ್ಲ ಎಂದಂತೂ ಖಂಡಿತ ಎನ್ನಬೇಡಿ. ನನಗೂ ನೋವು ಅಷ್ಟಿರಲಿಲ್ಲ.

ಇದನ್ನು ಬರೆಯುವ ಮುಂಚೆ ಮೂರು ದಿನ ಯೋಚಿಸಿದೆ. ನೀವು ಬದುಕಿದರೆ ಭೂಮಿಕಾ ದಾರಕ್ಕೆ ಗಂಟು ಹಾಕುವುದಿಲ್ಲ. ಹಾಕದಿದ್ದರೆ ಆ ದಾರದಿಂದ ಉಳಿದ ಸಾವಿರಾರು ಜನ ಏನಾಗುತ್ತಾರೆ? ನನಗೆ ಗೊತ್ತಿಲ್ಲ, ನನ್ನ ಓದು ಅಷ್ಟು ದೂರ ಹೋಗುವುದಿಲ್ಲ. ಅವ್ವನನ್ನು ಕೇಳಿದೆ. ಅವಳು ಫೋನಿನಲ್ಲಿ ಅಂದಳು, "ಹಡದವ್ವ ಸತ್ತ ಮ್ಯಾಲ ಕಲ್ತ ಬುದ್ಧಿ ಹಡದವ್ವನ ಮುಂದ ಕುಂತು ಕಲೀಲಿಕ್ಕೆ ಬರಂಗಿಲ್ಲೇನು? ಬರಿ ನೀ." ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮದನ್ನು ತೆಗೆಸಿಕೊಂಡು ಬಂದ ದಿನವೇ ಭೂಮಿಕಾಳನ್ನು ಪಕ್ಕ ಕೂರಿಸಿಕೊಂಡು ದಾರಕ್ಕೆ ಗಂಟು ಹಾಕುವುದನ್ನು ನೀವೇ ಕಲಿಸಿ. ಆಮೇಲೆ ಒಂದು ಮಾತು ಬದಲಿಸಿ: ತನ್ನ ಗಂಟು ತಾನೂ ಎಣಿಸಬೇಕು. ಒಬ್ಬರು ಬಿಚ್ಚಲಿ, ಇನ್ನೊಬ್ಬರು ಎಣಿಸಲಿ. ಇದೊಂದು ಸೇರಿಸಿದ್ದರೆ ನಾನು ಎಂದೋ ಅತ್ತೆಯನ್ನು ಕೇಳಿರುತ್ತಿದ್ದೆ.

ಮಷಿನ್ ಪಕ್ಕ ನನ್ನ ಪೆಟ್ಟಿಗೆ ಕಟ್ಟಿದ್ದಾಗಿದೆ. ಅತ್ತೆಯೂ ಬರುತ್ತಾರೆ, ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದಾರೆ, ಸ್ನಾನಕ್ಕೂ ತೆಗೆಯುವುದಿಲ್ಲ. ಗಜಾನನ ರಜೆ ಹಾಕಿದ್ದಾನೆ, ದಾರಿಗೆಂದು ಇಪ್ಪತ್ತು ರೊಟ್ಟಿ ಬಡಿದಿದ್ದಾನೆ, ಇಪ್ಪತ್ತೂ ದ್ವೀಪಗಳು. ಅವನ ಪಾಲಿನ ನೀರನ್ನೂ ನನ್ನ ಬಾಟಲಿಗೆ ಸುರಿದಿದ್ದಾನೆ, ನಾನು ನೋಡಿಲ್ಲ ಎಂದುಕೊಂಡಿದ್ದಾನೆ. ನನಗೆ ಈ ಮನೆ ಇಷ್ಟ ಅಜ್ಜೀ, ವಾಪಸು ಬರಬೇಕೆಂದು ಬಹಳ ಆಸೆ ಇದೆ. ನಾಳಮನೆಗೆ ಹೋಗುವ ಮುಂಚೆ ಅವ್ವ ಎರಡು ನಿಮಿಷ ಮನೆಗೆ ಕರೆದೊಯ್ಯುತ್ತಾಳಂತೆ. ನಾನು ಮೊದಲು ಆ ನವಿಲಿನ ಡಬ್ಬಿ ಎತ್ತಿ ಅಲುಗಿಸುತ್ತೇನೆ, ಮುಚ್ಚಳ ಆಮೇಲೆ ತೆಗೆಯುತ್ತೇನೆ. ಒಳಗೆ ಗುಂಡಿಗಳ ಸದ್ದು ಕೇಳಿಸಿದರೆ ನೀವು ಓದಿದಿರಿ ಎಂದು ತಿಳಿಯುತ್ತೇನೆ, ನನ್ನ ಒಳಗಿನದ್ದಕ್ಕೆ ಆಮೇಲೆ ನಾನು ಹೆದರುವುದಿಲ್ಲ. ಕಾರವಾರ-ವಾಡಿ ಘಟ್ಟದ ಎಕ್ಸ್‌ಪ್ರೆಸ್, ಗುರುವಾರ, ಎರಡನೇ ಬೇಸಗೆಯ ನಲವತ್ತನಾಲ್ಕನೇ ದಿನ, ಬೆಳಗಿನ ಎಂಟೂ ಹತ್ತಕ್ಕೆ ವಾಡಿಯಲ್ಲಿ ಇಳಿಯುತ್ತೇನೆ.